ಸೀಟಿನ ಕೆಳಗಿನ ಉಸಿರು

ಹೊರಡುವ ಮೊದಲು, ಕಾರವಾರ

ನನ್ನನ್ನು ಸ್ಕಾಟ್ಲೆಂಡಿಗೆ ಕಳಿಸಿದ್ದು ನಾನು ಧೈರ್ಯವಂತ ಎಂಬ ತಪ್ಪು ತಿಳುವಳಿಕೆಯ ಮೇಲೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಿದೇಶಕ್ಕೆ ಹೋಗಿಬಂದವರು ಮೊದಲ ಪುಟದಲ್ಲೇ ವಿಮಾನ ಹತ್ತುತ್ತಾರೆ. ನಾನು ಮೊದಲು ಆಂಬುಲೆನ್ಸ್ ಹತ್ತಬೇಕು.

ಕಾರವಾರದ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆಯಲ್ಲಿ ನಾನು ನರ್ಸು. ಗಂಡು ನರ್ಸುಗಳನ್ನು ನಮ್ಮ ಕಡೆ ಬ್ರದರ್ ಎನ್ನುತ್ತಾರೆ. ಇಪ್ಪತ್ತೈದು ವರ್ಷಗಳಿಂದ ಎಷ್ಟು ಜನರಿಗೆ ಬ್ರದರ್ ಆಗಿದ್ದೇನೆಂದರೆ, ಬ್ಯಾಂಕಿನಲ್ಲಿ ನನ್ನ ಹೆಸರು ಕೂಗಿದರೆ ನಾನೇ ಯಾರದು ಎಂದು ತಿರುಗಿ ನೋಡುತ್ತೇನೆ. ಮನೆ ಶಿರವಾಡದಲ್ಲಿ, ಹುಟ್ಟಿದ್ದು ಅಂಕೋಲೆಯ ಭಾವಿಕೇರಿಯಲ್ಲಿ. ಸ್ವಭಾವದಿಂದ ಚಿಂತೆಯ ಮನುಷ್ಯ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸು ಬಂದದ್ದು ಎಷ್ಟು ಸಲವೋ. ಒಮ್ಮೆಯೂ ಅದು ಚಾಲೂ ಇರಲಿಲ್ಲ. ಆದರೆ ಮುಂದಿನ ಸಲ ಇರಬಹುದು.

ಕಳೆದ ಮಳೆಗಾಲದಲ್ಲಿ ಭಾವಿಕೇರಿಯ ಗದ್ದೆಯಲ್ಲಿ ಒಬ್ಬ ರೈತನಿಗೆ ನಾಗರಹಾವು ಕಚ್ಚಿತು. ನಮ್ಮಲ್ಲಿಗೆ ತಂದು ವಿಷದ ಔಷಧಿ ಕೊಟ್ಟ ಮೇಲೂ ಕಣ್ಣಿನ ರೆಪ್ಪೆ ಜೋತುಬಿತ್ತು, ಆಮೇಲೆ ಉಸಿರೂ ಸೋತಿತು. ಗಂಟಲಿಗೆ ನಳಿಗೆ ಇಳಿಸಿ ಮಂಗಳೂರಿಗೆ ಹೊರಟೆವು. ಮುಂದೆ ಡ್ರೈವರ್ ಹೊನ್ನಪ್ಪ, ಹಿಂದೆ ನಾನು. ನಳಿಗೆಯ ತುದಿಗೆ ರಬ್ಬರಿನ ಚೀಲ, ಆಂಬು ಬ್ಯಾಗ್. ಒತ್ತಿದರೆ ರೋಗಿಗೆ ಒಂದು ಉಸಿರು ಒಳಗೆ, ಬಿಟ್ಟರೆ ಹೊರಗೆ. ಅದನ್ನು ಒತ್ತುತ್ತಾ ಐದು ತಾಸು ಕೂತೆ. ಆತ ಬದುಕಿದ. ಊರವರು ಶಾಲು ಹೊದೆಸಿದರು, ಪತ್ರಿಕೆಯಲ್ಲಿ ಫೋಟೋ ಬಂತು. ನಮ್ಮ ಡಾಕ್ಟರ್ ಸುಮಂಗಲಾ ಮೇಡಂ "ಐದು ತಾಸು ಕೈ ನಿಲ್ಲಿಸದ ಬ್ರದರ್" ಎಂದು ಭಾಷಣ ಮಾಡಿದರು.

ಭಾಷಣದಲ್ಲಿ ಬಾರದ ಸಂಗತಿಯೊಂದಿತ್ತು. ನಾನು ಕೂತ ಸೀಟಿನ ಕೆಳಗೆ ಕೈಯಲ್ಲಿ ಹಿಡಿದು ಒಯ್ಯಬಹುದಾದ ವೆಂಟಿಲೇಟರ್ ಇತ್ತು, ಹೊಲಿಗೆ ಯಂತ್ರದ ಮುಚ್ಚಳದಷ್ಟು ದೊಡ್ಡದು. ನಾನು ಕೈಯಿಂದ ಮಾಡುತ್ತಿದ್ದ ಕೆಲಸವನ್ನು ತಪ್ಪದೆ, ದಣಿಯದೆ, ಅಳತೆಯ ಪ್ರಕಾರ ಮಾಡುವ ಯಂತ್ರ. ದಾನಿಗಳಿಂದ ಬಂದು ತಿಂಗಳುಗಳೇ ಆಗಿದ್ದವು. ಮೈಮೇಲಿನ ಪ್ಲಾಸ್ಟಿಕ್ ಕವರನ್ನು ನಾವು ತೆಗೆದಿರಲಿಲ್ಲ. ಆಯುಧಪೂಜೆಯ ಕುಂಕುಮವನ್ನೂ ಕವರಿನ ಮೇಲೆಯೇ ಹಚ್ಚಿದ್ದೆವು. ಅದರ ತರಬೇತಿ ನನಗೆ ಅರ್ಧ ದಿನ ಆಗಿತ್ತು. ಬಳಸಲಿಲ್ಲ, ಹೆದರಿಕೆ. ಯಂತ್ರ ನಿಂತುಹೋದರೆ? ನಿಂತದ್ದು ನನಗೆ ತಿಳಿಯದಿದ್ದರೆ? ಕುಂದಾಪುರ ದಾಟಿದ ಮೇಲೆ ನನ್ನ ಬೆರಳುಗಳು ಸೆಟೆದು ನಾಲ್ಕೈದು ಉಸಿರು ತಪ್ಪಿದವು. ಹೊನ್ನಪ್ಪ ಕನ್ನಡಿಯಲ್ಲಿ ನೋಡಿದ.

"ಬ್ರದರ್ರೆ, ಸೀಟಿನ ಕೆಳ್ಗೆ ಅದು ಇದೆಯಲ್ರಾ."

"ನೀ ಗಾಡಿ ನೋಡಿ ಹೊಡಿ."

ಅವನು ಮತ್ತೆ ಮಾತೆತ್ತಲಿಲ್ಲ. ಶಾಲು ಹೊದೆಸುವಾಗ ಸಭೆಯ ಕೊನೆಯ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದ, ಅಷ್ಟೆ.

ಹೀಗಿರುವಾಗ ದಾನಿಗಳು ಕೇಳಿದರು: ಯಂತ್ರ ಒಮ್ಮೆಯೂ ಓಡಿಲ್ಲವಲ್ಲ, ಯಾಕೆ? ಸ್ಕಾಟ್ಲೆಂಡಿನ ಉತ್ತರದ ದ್ವೀಪವೊಂದರಲ್ಲಿ ಇಂಥ ಯಂತ್ರವನ್ನು ದಿನನಿತ್ಯ ಬಳಸುತ್ತಾರೆ, ಇಬ್ಬರನ್ನು ಮೂರು ವಾರ ಕಳಿಸಿ, ಒಬ್ಬರು ಉಸಿರು ನೋಡುವವರು, ಒಬ್ಬರು ಗಾಡಿ ಹೊಡೆಯುವವರು, ಎಂದರು. ಮೇಡಂ ನನ್ನನ್ನು ಕರೆದರು.

"ನಿಮ್ಮಂಥ ಧೈರ್ಯದವರೇ ಹೋಗ್ಬೇಕು ಬ್ರದರ್. ಬಂದ ಮೇಲೂ ಅದು ಕವರಿನಲ್ಲೇ ಇದ್ರೆ ಅವರು ವಾಪಸ್ ಒಯ್ತಾರೆ. ಆಮೇಲೆ ಮಂಗಳೂರಿನ ತನಕ ನಿಮ್ಮ ಕೈಯೇ ಗತಿ."

ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋವಾ, ಹುಬ್ಬಳ್ಳಿ, ಮಂಗಳೂರು, ಯಾವ ಕಡೆ ಹೋದರೂ ದೊಡ್ಡ ಆಸ್ಪತ್ರೆಗಿಂತ ಮೊದಲು ಸಿಗುವುದು ಉದ್ದನೆಯ ರಸ್ತೆ.

ಗೋವಾ ವಿಮಾನ ನಿಲ್ದಾಣ

ಕೈಚೀಲದಲ್ಲಿ ಒಂದು ಆಂಬು ಬ್ಯಾಗ್ ಇಟ್ಟುಕೊಂಡಿದ್ದೆ. ವಿಮಾನದಲ್ಲಿ ಯಾರದಾದರೂ ಉಸಿರು ನಿಂತರೆ ಇರಲಿ ಎಂದು. ತಪಾಸಣೆಯವನು ಅದನ್ನು ಎರಡು ಬೆರಳಲ್ಲಿ ಎತ್ತಿ ಇದೇನು ಎಂದ. ವಿವರಿಸಲು ಹೋಗಿ ಗಾಬರಿಯಲ್ಲಿ ಅವನ ಮುಖಕ್ಕೇ ಒಮ್ಮೆ ಒತ್ತಿದೆ. ಮೀಸೆ ಹಾರಿತು. ಹಿಂದಿನ ಸಾಲು ನಕ್ಕಿತು, ಅವನು ನಗಲಿಲ್ಲ. ಮೇಲಿನವರು ಬಂದರು. ನನ್ನ ಪತ್ರಗಳನ್ನೆಲ್ಲ ಹರಡಿಸಿದರು.

ಹೊನ್ನಪ್ಪ ಆಚೆ ಬದಿಯಲ್ಲಿ ಬೆಲ್ಟು ಕಟ್ಟಿಕೊಳ್ಳುತ್ತ ಕಾಯುತ್ತಿದ್ದ. "ಎಂತಕ್ಕೆ ತಂದ್ರಿ ಮಾರಾಯ್ರೆ ಅದ್ನ? ವಿಮಾನದಲ್ಲಿ ಇರೂ ಮುನ್ನೂರು ಜನ್ರಲ್ಲಿ ಉಸಿರು ಕಟ್ಟೂದಿದ್ರೆ ನಿಮ್ಗೇ ಕಟ್ತದೆ. ಆಗ ಒತ್ತೂರು ಯಾರು, ನಾನಾ?"

ಹೊನ್ನಪ್ಪನ ಬಗ್ಗೆ ಹೇಳಬೇಕು. ನನ್ನ ಊರಿನವನೇ, ನನಗಿಂತ ಎರಡು ವರ್ಷ ಚಿಕ್ಕವನು. ಹೆದರಿಕೆ ಎಂಬ ಅಂಗವನ್ನು ದೇವರು ಅವನಿಗೆ ಇಡಲಿಲ್ಲ. ಅವನ ಪಾಲಿನದನ್ನೂ ನನಗೇ ಜೋಡಿಸಿದ. ಇಂಗ್ಲಿಷು ಅವನಿಗೆ ಬಾರದು. ಮೂರು ವಾರ ಅವನು ಎಲ್ಲರ ಜೊತೆ ಭಾವಿಕೇರಿಯ ಕನ್ನಡದಲ್ಲೇ ಮಾತಾಡಿದ, ಅವರು ತಮ್ಮ ಭಾಷೆಯಲ್ಲಿ ಉತ್ತರಿಸಿದರು, ಇಬ್ಬರೂ ತಲೆ ಆಡಿಸಿದರು. ನಾನು ವ್ಯಾಕರಣ ಸರಿಮಾಡಿಕೊಂಡು ಬಾಯಿ ತೆರೆಯುವುದರೊಳಗೆ ಮಾತೇ ಮುಗಿದಿರುತ್ತಿತ್ತು.

ದ್ವೀಪ

ಆರ್ಕ್ನಿ ಎಂಬುದು ಸ್ಕಾಟ್ಲೆಂಡಿನ ತಲೆಯ ಮೇಲೆ ಚೆಲ್ಲಿದ ಹಾಗಿರುವ ದ್ವೀಪಗಳ ಗುಂಪು. ಕರ್ಕ್‌ವಾಲ್ ಎಂಬ ಊರಿನವರೆಗೆ ಸಣ್ಣ ವಿಮಾನ, ಅಲ್ಲಿಂದ ಮುಂದೆ ದೋಣಿ. ನಾವಿದ್ದ ದ್ವೀಪದ ಹೆಸರು ಹೇಳುವುದಿಲ್ಲ. ಅರವತ್ತು ಜನರ ಊರು, ಯಾರ ಕಥೆ ಎಂದು ತಿಳಿಯಲು ಅವರಿಗೆ ಅರ್ಧ ಗಳಿಗೆ ಸಾಕು.

ಕಾಳಿ ನದಿಯ ದಡದ ಕೋಡಿಬಾಗದಲ್ಲಿ ಹುಟ್ಟಿದ ನನ್ನ ಹೆಂಡತಿ ಫೋನಿನಲ್ಲಿ ಮೊದಲು ತನ್ನ ಕೊಂಕಣಿಯಲ್ಲಿ "ಜೆವ್ಲೆ?" ಎಂದು ಊಟ ವಿಚಾರಿಸಿದಳು, ಆಮೇಲೆ ಮರ ಹೇಗಿವೆ ಎಂದು ಕೇಳಿದಳು. ಮರ ಇಲ್ಲ. ಗಾಳಿ ನಿಲ್ಲಗೊಡುವುದಿಲ್ಲ. ಹುಲ್ಲು, ಕುರಿ, ಕಲ್ಲಿನ ಗೋಡೆ, ಸುತ್ತ ಸಮುದ್ರ. ನಮ್ಮದೇ ಸಮುದ್ರ, ಆದರೆ ಜ್ವರ ಬಿಟ್ಟು ತಣ್ಣಗಾದ ಮೈಯಂತೆ. ಮೀನಿನ ವಾಸನೆ ಇದೆ, ಮೀನು ಮಾರುವ ಕೂಗು ಇಲ್ಲ. ಏಡಿ ಹಿಡಿಯುವ ಮುದುಕರು ದೋಣಿ ನಿಲ್ಲುವ ದಕ್ಕೆಯಲ್ಲಿ ಬುಟ್ಟಿ ಜೋಡಿಸುತ್ತಾರೆ, ಮಾತಿಲ್ಲ. ನಮ್ಮ ಬೈತಖೋಲದ ಬಂದರಿನಲ್ಲಿ ಇಷ್ಟು ಮೌನ ಇದ್ದರೆ ಯಾರೋ ಸತ್ತಿದ್ದಾರೆ ಎಂದುಕೊಳ್ಳುತ್ತೇವೆ.

ಎದುರು ಬರುವ ಪ್ರತಿ ಕಾರಿನವರೂ ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತಿ ನಮಸ್ಕಾರ ಹೇಳುತ್ತಾರೆ. ಹೊನ್ನಪ್ಪನಿಗೆ ಇದು ಬಹಳ ಹಿಡಿಸಿತು. ಊರಿಗೆ ವಾಪಸು ಬಂದ ಮೇಲೆ ಹೈವೇಯಲ್ಲಿ ಲಾರಿಯವರಿಗೆ ಹಾಗೆ ಮಾಡಿದ. ಒಬ್ಬ ಗಾಡಿ ನಿಲ್ಲಿಸಿ ಏನು ಬೈದೆ ಎಂದು ಕೇಳಿದ.

ದ್ವೀಪಕ್ಕೆ ಡಾಕ್ಟರಿಲ್ಲ. ಐಲ್ಸಾ ಎಂಬ ಒಬ್ಬಳೇ ನರ್ಸು, ಐವತ್ತರ ಸುಮಾರಿನವಳು, ನಡಿಗೆ ನಿಧಾನ, ಕೈ ಚುರುಕು. ಅವಳ ಕೂಡ ದೋಣಿಯ ಮ್ಯಾಗ್ನಸ್, ಶಾಲೆಯ ಅಡುಗೆಯವಳು, ಇನ್ನಿಬ್ಬರು ಕುರಿಯವರು. ಇವರೇ ಆಂಬುಲೆನ್ಸಿನ ಸಿಬ್ಬಂದಿ. ಅವರ ವೆಂಟಿಲೇಟರ್ ಇರುವುದು ಬೆಂಕಿ ಆರಿಸುವ ಗಾಡಿಯ ಶೆಡ್ಡಿನಲ್ಲಿ, ಬಾಗಿಲ ಪಕ್ಕದ ಗೂಟದ ಮೇಲೆ. ಮೈಯೆಲ್ಲ ಗೀರು, ಮೂಲೆಯಲ್ಲಿ ಟೇಪು. ಬಾಗಿಲಿಗೆ ಬೀಗ ಇಲ್ಲ.

"ಕಳವಾದರೆ?" ಎಂದೆ.

"ಯಾರು ಒಯ್ಯುತ್ತಾರೆ?" ಎಂದಳು ಐಲ್ಸಾ. "ಉಸಿರು ಬೇಕಾದವರು ಒಯ್ದರೆ ಒಳ್ಳೆಯದೇ ಆಯಿತಲ್ಲ."

ನಮ್ಮದು ಊರಲ್ಲಿ, ಗಾಡಿ ಹೊರಡದ ಹೊತ್ತಿನಲ್ಲಿ, ಗೋದ್ರೇಜಿನ ಕಪಾಟಿನಲ್ಲಿ ಇರುತ್ತದೆ, ಸಂಜೆಯಾದರೆ ಅದರ ಕೀಲಿ ಸ್ಟೋರಿನವರ ಜೊತೆ ಶಿರವಾಡಕ್ಕೆ ಹೋಗುತ್ತದೆ ಎಂದು ನಾನು ಹೇಳಲಿಲ್ಲ.

ಗುರುವಾರ

ಗುರುವಾರ ಮಧ್ಯಾಹ್ನ ಎಲ್ಲರೂ ಶೆಡ್ಡಿಗೆ ಬರುತ್ತಾರೆ. ಅಭ್ಯಾಸ ಎಂದರೆ ರಬ್ಬರಿನ ಬೊಂಬೆ ಇರಬೇಕು ಎಂದುಕೊಂಡಿದ್ದೆ. ಬೊಂಬೆ ಇಲ್ಲ. ಬೆಂಚಿನ ಮೇಲೆ ಅವರೇ ಮಲಗುತ್ತಾರೆ. ಆ ತಿಂಗಳು ತನ್ನ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಹತ್ತು ನಿಮಿಷ ಯಂತ್ರದ ಉಸಿರು ತೆಗೆದುಕೊಳ್ಳದವನು ಇನ್ನೊಬ್ಬರ ಮುಖಕ್ಕೆ ಹಾಕುವ ಹಾಗಿಲ್ಲ. ಇದು ಎಲ್ಲಿಯೂ ಬರೆದ ನಿಯಮ ಅಲ್ಲ, ಆ ದ್ವೀಪದವರು ತಾವೇ ಮಾಡಿಕೊಂಡ ರೂಢಿ. ಯಾರು ಶುರುಮಾಡಿದರೋ ಐಲ್ಸಾಗೂ ಗೊತ್ತಿಲ್ಲ.

ಇಪ್ಪತ್ತೈದು ವರ್ಷದಲ್ಲಿ ಸಾವಿರಾರು ಮುಖಗಳಿಗೆ ಮಾಸ್ಕ್ ಕಟ್ಟಿದ್ದೇನೆ. ನನ್ನ ಮುಖಕ್ಕೆ ಅದು ಬಂದದ್ದು ಅಂದೇ ಮೊದಲು. ಗಾಳಿ ಮೂಗಿಗೆ ನುಗ್ಗಿತು, ಸ್ಕೂಟರಿನಲ್ಲಿ ಹೋಗುವಾಗ ಬಾಯಿ ತೆರೆದ ಹಾಗೆ. ನಾನು ಎಳೆದೆ, ಅದು ತಳ್ಳಿತು. ನಾನು ಬಿಡಲು ಹೋದೆ, ಅದು ಇನ್ನೂ ತಳ್ಳಿತು. ಕೈಕಾಲು ಆಡಿಸಿದೆ. ಯಂತ್ರ ಕೂಗಿಕೊಂಡಿತು. ಕಾರವಾರದಲ್ಲಿ ಹೀಗೆ ಕೈಕಾಲು ಆಡಿಸುವ ರೋಗಿಗೆ ನಾವು ಏನು ಮಾಡುತ್ತೇವೆ? ಇಬ್ಬರು ಕೈ ಹಿಡಿಯುತ್ತಾರೆ, ಮೂರನೆಯವನು ಪಟ್ಟಿ ಬಿಗಿಯುತ್ತಾನೆ. ಆ ಮೂರನೆಯವನು ಯಾವಾಗಲೂ ನಾನೇ.

ಐಲ್ಸಾ ಪಟ್ಟಿಯನ್ನು ಮುಟ್ಟಲೇ ಇಲ್ಲ. ಮಾಸ್ಕನ್ನು ನನ್ನ ಕೈಗೇ ಹಿಡಿಸಿದಳು. "ನೀನೇ ಹಿಡಿ. ಬೇಡವಾದಾಗ ತೆಗೆ, ಬೇಕಾದಾಗ ಹಾಕು. ಬಿಗಿಯುವುದು ಆಮೇಲೆ, ನೀನು ಕೇಳಿದರೆ." ನಾಲ್ಕು ಸಲ ತೆಗೆದೆ. ಐದನೆಯ ಸಲಕ್ಕೆ ಒಂದು ವಿಷಯ ತಿಳಿಯಿತು. ಯಂತ್ರ ನನ್ನನ್ನು ಕಾಯುತ್ತಿತ್ತು. ನಾನು ಉಸಿರೆಳೆಯಲು ಶುರುಮಾಡಿದ ಮೇಲೆಯೇ ಅದು ಬೆನ್ನಿಗೆ ಕೈ ಇಟ್ಟ ಹಾಗೆ ಒಂದಿಷ್ಟು ನೂಕುತ್ತಿತ್ತು. ನಾನು ಜಗಳವಾಡುತ್ತಿದ್ದದ್ದು ಒಬ್ಬ ಸಭ್ಯನ ಜೊತೆ.

ಹೊನ್ನಪ್ಪನ ಸರದಿ ಬಂತು. ಮಲಗಿದ, ಮಾಸ್ಕ್ ಹಿಡಿದ, ಎರಡನೆಯ ನಿಮಿಷಕ್ಕೆ ಗೊರಕೆ. ಅಡುಗೆಯವಳು ಹತ್ತು ನಿಮಿಷ ಆದ ಮೇಲೂ ಎಬ್ಬಿಸಬೇಡಿ, ಪಾಪ, ಎಂದಳು.

ಮಂಜು

ಎರಡನೆಯ ವಾರ ಒಂದು ಬೆಳಿಗ್ಗೆ ಸಮುದ್ರದಿಂದ ಮಂಜು ಎದ್ದು ಊರನ್ನು ನುಂಗಿತು. ಡೇವಿ ಎಂಬ ಎಪ್ಪತ್ತೆಂಟರ ಏಡಿಗಾರನಿಗೆ ಎದೆಯಲ್ಲಿ ನೀರು ತುಂಬಿತ್ತು. ಹೃದಯ ಸೋತಾಗ ಶ್ವಾಸಕೋಶಕ್ಕೆ ಇಳಿಯುವ ನೀರು. ನಾವು ಹೋದಾಗ ಮಂಚದ ಅಂಚಿನಲ್ಲಿ ಕೂತು, ಮಂಡಿ ಹಿಡಿದು, ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ಬಿಡುತ್ತಿದ್ದ. ತುಟಿ ನೀಲಿ. ಹೆಲಿಕಾಪ್ಟರ್ ಮಂಜಿನಲ್ಲಿ ಇಳಿಯಲಾರದು. ಮ್ಯಾಗ್ನಸನ ದೋಣಿಯೇ ದಾರಿ, ದೊಡ್ಡ ದ್ವೀಪಕ್ಕೆ ಒಂದು ತಾಸು.

ರೋಗಿಯನ್ನು ಮುಟ್ಟುವ ಅಧಿಕಾರ ನಮಗಿರಲಿಲ್ಲ, ಸಾಮಾನು ಹಿಡಿಯುವ ಅಧಿಕಾರ ಇತ್ತು. ಯಂತ್ರ ನನ್ನ ತೊಡೆಯ ಮೇಲೆ, ಆಕ್ಸಿಜನ್ ಸಿಲಿಂಡರು ಹೊನ್ನಪ್ಪನ ಕಾಲುಗಳ ನಡುವೆ. ಐಲ್ಸಾ ಮಾಸ್ಕನ್ನು ಡೇವಿಯ ಕೈಗೇ ಹಿಡಿಸಿ, ಕಿವಿಯ ಹತ್ತಿರ ಏನೋ ಹೇಳುತ್ತ ಕೂತಳು. ಹತ್ತು ನಿಮಿಷದಲ್ಲಿ ತುಟಿಯ ಬಣ್ಣ ತಿರುಗಿತು. ಆ ಸಣ್ಣ ಪೆಟ್ಟಿಗೆ ಅವನ ಎದೆಯ ನೀರನ್ನು ಉಸಿರುಸಿರಿಗೂ ಹಿಂದಕ್ಕೆ ತಳ್ಳುತ್ತಿತ್ತು. ನಾನು ಬೆರಗಾಗಿ ನೋಡುತ್ತಿದ್ದೆ.

ಬೆರಗು ನನ್ನಲ್ಲಿ ಹೆಚ್ಚು ಹೊತ್ತು ಬಾಳುವುದಿಲ್ಲ, ಚಿಂತೆ ಬಂದು ಕುರ್ಚಿ ಕೇಳುತ್ತದೆ. ಮಂಜು ನೀರಾಗಿ ಮೇಲಿನಿಂದ ತೊಟ್ಟಿಕ್ಕುತ್ತಿತ್ತು. ಯಂತ್ರ ಒದ್ದೆಯಾಗುತ್ತಿದೆ. ಉಪ್ಪುನೀರು. ಒಳಗೆ ಹೋದರೆ? ನನ್ನ ಜಾಕೀಟಿನಲ್ಲಿ ಊರಿನಿಂದ ತಂದ ಪ್ಲಾಸ್ಟಿಕ್ ಚೀಲ, ನಮ್ಮ ಮಾತಿನಲ್ಲಿ ಕೊಟ್ಟೆ, ಇತ್ತು, ಅಂಕೋಲೆಯ ಬಟ್ಟೆ ಅಂಗಡಿಯದು, ದಪ್ಪನೆಯದು. ನಮ್ಮವರು ಟಿವಿ ರಿಮೋಟಿನಿಂದ ಹಿಡಿದು ಹೊಸ ಸೋಫಾದವರೆಗೆ ಎಲ್ಲವನ್ನೂ ಕಾಪಾಡುವುದು ಇದರಿಂದಲೇ ತಾನೆ. ಯಾರನ್ನೂ ಕೇಳದೆ, ಮಗುವಿಗೆ ಕುಲಾವಿ ತೊಡಿಸಿದ ಹಾಗೆ ಯಂತ್ರಕ್ಕೆ ಅದನ್ನು ತೊಡಿಸಿ ಗಂಟು ಹಾಕಿದೆ.

ಅರ್ಧ ನಿಮಿಷ ಕಳೆಯಲಿಲ್ಲ. ಯಂತ್ರ ಚೀರಿತು. ಡೇವಿಯ ಕಣ್ಣು ಹೊರಬಂತು. ಅವನು ತಾನೇ ಮಾಸ್ಕನ್ನು ಮುಖದಿಂದ ಕಿತ್ತು ಗಾಳಿಗೆ ಬಾಯಿ ಬಿಟ್ಟ. ಐಲ್ಸಾ ಕ್ಷಣದಲ್ಲಿ ಸಿಲಿಂಡರಿನ ಸಾದಾ ಮಾಸ್ಕ್ ಅವನಿಗೆ ಹಿಡಿದು, "ನೋಡು, ಏನಾಯಿತು ನೋಡು" ಎಂದಳು ನನಗೆ. ನಾನು ಪರದೆ ನೋಡುತ್ತಿದ್ದೆ. ಅಕ್ಷರಗಳು ಕಾಣುತ್ತಿದ್ದವು, ಅರ್ಥ ಆಗುತ್ತಿರಲಿಲ್ಲ.

"ಬ್ರದರ್ರೆ, ಕೊಟ್ಟೆ," ಎಂದ ಹೊನ್ನಪ್ಪ. "ಹಿಂದ್ಗಡೆ ನೋಡಿ. ಒಳ್ಗೆ ಎಳ್ಕಂತಾ ಇದೆ."

ಯಂತ್ರದ ಬೆನ್ನಿನಲ್ಲಿ ಗಾಳಿ ಎಳೆದುಕೊಳ್ಳುವ ಜಾಲರಿ ಇದೆ. ಅದು ಸುತ್ತಲಿನ ಗಾಳಿಯನ್ನೇ ಎಳೆದು ರೋಗಿಗೆ ಕೊಡುವುದು. ನನ್ನ ಕೊಟ್ಟೆ ಅದಕ್ಕೆ ಗಪ್ಪನೆ ಅಂಟಿ ಕೂತಿತ್ತು. ನಾನು ಯಂತ್ರದ ಉಸಿರು ಕಟ್ಟಿಸಿದ್ದೆ. ನನ್ನ ಗಂಟು ನನಗೇ ಬಿಚ್ಚಲಿಲ್ಲ. ಹೊನ್ನಪ್ಪ ಬಗ್ಗಿ ಹಲ್ಲಿನಿಂದ ಹರಿದ. ಚೀರಾಟ ನಿಂತಿತು. ಡೇವಿ ನನ್ನ ಮುಖವನ್ನೊಮ್ಮೆ ನೋಡಿ, ತಾನೇ ಮಾಸ್ಕ್ ಎತ್ತಿ ಮತ್ತೆ ಹಿಡಿದುಕೊಂಡ.

ಪಟ್ಟಿ ಬಿಗಿದಿದ್ದರೆ ಏನಾಗುತ್ತಿತ್ತು ಎಂಬುದನ್ನು ಉಳಿದ ಮುಕ್ಕಾಲು ತಾಸು ಯೋಚಿಸಿದೆ. ಈಗಲೂ ಯೋಚಿಸುತ್ತೇನೆ.

ಶೆಡ್ಡಿನಲ್ಲಿ ಚಹಾ

ಡೇವಿಯನ್ನು ಆಸ್ಪತ್ರೆಗೆ ಒಪ್ಪಿಸಿ ವಾಪಸು ಬಂದ ಮೇಲೆ ಎಲ್ಲರೂ ಶೆಡ್ಡಿನಲ್ಲಿ ಕೂತರು. ಪ್ರತಿ ಕೇಸಿನ ನಂತರ ಹೀಗೆ ಕೂರುತ್ತಾರಂತೆ. ಚಹಾ, ಬಿಸ್ಕೀಟು, ಒಂದು ಉದ್ದ ನೋಟುಬುಕ್ಕು. ಒಬ್ಬೊಬ್ಬರೂ ತಮ್ಮಿಂದ ಆದ ತಪ್ಪು ಹೇಳಬೇಕು. ತಮ್ಮದು ಮಾತ್ರ. ಇನ್ನೊಬ್ಬರ ತಪ್ಪು ಹೇಳುವ ಹಾಗಿಲ್ಲ.

ನಮ್ಮಲ್ಲಿ ಈ ಕೆಲಸ ಇದಕ್ಕೆ ಪೂರ್ತಿ ತಿರುವುಮುರುವಾಗಿ, ಬಹಳ ಚೆನ್ನಾಗಿ ನಡೆಯುತ್ತದೆ.

ಮ್ಯಾಗ್ನಸ್, ಕನ್ನಡಕ ಮರೆತು ಮನೆಗೆ ಓಡಿದೆ, ಐದು ನಿಮಿಷ ಹೋಯಿತು ಎಂದ. ಅಡುಗೆಯವಳು ಸಿಲಿಂಡರಿನ ಬೇರೆ ಕೀಲಿ ತಂದಿದ್ದಳಂತೆ. ಐಲ್ಸಾ ಹೇಳಿದಳು: "ಹೊಸಬರಿಗೆ ನಾನು ಯಂತ್ರದ ಮುಂಭಾಗ ಮಾತ್ರ ಕಲಿಸಿದೆ. ಅದು ಹಿಂದಿನಿಂದ ಉಸಿರಾಡುತ್ತದೆ ಎಂದು ಹೇಳಲಿಲ್ಲ." ತನ್ನ ಹೆಸರಿನ ಮುಂದೆ ಹಾಗೆಯೇ ಬರೆದಳು. ನನಗೆ ಬೈದಿದ್ದರೆ ಸುಲಭವಾಗುತ್ತಿತ್ತು.

ನಾನು ಕೊಟ್ಟೆಯ ವಿಷಯ ಹೇಳಿದೆ. ಕೇಳದೆ ಕಟ್ಟಿದೆ ಎಂದೆ. ಬಿಸ್ಕೀಟಿನ ತಟ್ಟೆ ನನ್ನ ಕಡೆ ಸರಿಯಿತು.

ಕೊನೆಗೆ ಹೊನ್ನಪ್ಪ. ಅವನಿಗೆ ತಪ್ಪೇನೂ ಇರಲಿಲ್ಲ. ಕಪ್ಪಿನ ಒಳಗೆ ನೋಡುತ್ತ ಕನ್ನಡದಲ್ಲಿ ಹೇಳಿದ: "ಮಂಗ್ಳೂರು ದಾರೀಲಿ ನಾನು ಒಂದೇ ಸಲ ಹೇಳ್ದೆ. ಎರಡ್ನೇ ಸಲ ಹೇಳ್ಬೇಕಿತ್ತು. ಗಾಡಿ ಬದಿಗೆ ಹಾಕಿ ಆ ಕವರು ನಾನೇ ಹರೀಬೇಕಿತ್ತು. ನಿಮ್ಗೆ ಬೇಜಾರಾಗ್ತದೆ ಅಂತ ಸುಮ್ನಾದೆ. ಆ ಗಂಡ್ಸು ಸತ್ತಿದ್ರೆ?"

ಐಲ್ಸಾ ಪೆನ್ನು ಹಿಡಿದು ನನ್ನ ಕಡೆ ನೋಡಿದಳು. ಅನುವಾದ ಮಾಡಬೇಕಾದವನು ನಾನು.

"ಚಹಾ ಚೆನ್ನಾಗಿದೆ ಅಂತಾನೆ," ಎಂದೆ.

ಎಲ್ಲರೂ ನಕ್ಕರು. ಹೊನ್ನಪ್ಪ ಇಂಗ್ಲಿಷು ಬಾರದಿದ್ದರೂ ನಾನು ಏನು ಮಾಡಿದೆ ಎಂದು ತಿಳಿದವನಂತೆ ನೋಡಿದ. ಆಮೇಲೆ ಅವನೂ ಅವರ ಜೊತೆ ನಕ್ಕ, ನನಗಾಗಿ.

ಡೇವಿಯ ಅಂಗಳ

ನಾವು ಹೊರಡುವ ಹಿಂದಿನ ದಿನ ಡೇವಿ ಆಸ್ಪತ್ರೆಯಿಂದ ತನ್ನ ಮನೆಗೆ ಬಂದಿದ್ದ. ಅಂಗಳದಲ್ಲಿ ಕಂಬಳಿ ಹೊದ್ದು ಏಡಿಬುಟ್ಟಿಯ ಬಲೆ ಹೆಣೆಯುತ್ತಿದ್ದ. ಕ್ಷಮೆ ಕೇಳಲು ಇಂಗ್ಲಿಷಿನಲ್ಲಿ ಮೂರು ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಮೊದಲನೆಯದನ್ನೇ ಮುಗಿಸಗೊಡಲಿಲ್ಲ.

"ಗಾಳಿ ನಿಂತಿತಲ್ಲ, ಆಗ ನಿನ್ನ ಮುಖ ನೋಡಿದೆ," ಎಂದ. "ನನಗಿಂತ ಮೊದಲು ನೀನು ಹೋಗುವ ಹಾಗಿದ್ದೆ. ದೋಣಿಯಲ್ಲಿ ಯಂತ್ರ ಇದ್ದದ್ದು ಒಂದೇ. ನಿನಗೆ ಬೇಕಾಗಬಹುದು ಎಂದು ನಾನು ಬೇಗ ಸುಧಾರಿಸಿಕೊಂಡೆ."

ನಕ್ಕೆ. ದಾರಿಯಲ್ಲಿ ಹೊನ್ನಪ್ಪನಿಗೆ ಇದನ್ನು ಒಂದಕ್ಷರ ಬಿಡದೆ ಅನುವಾದಿಸಿದೆ. ಅವನು ಬಹಳ ದೂರ ನಡೆದ ಮೇಲೆ, "ಈಗ ಸರಿಯಾಗಿ ಹೇಳಿದ್ರಿ ನೀವು," ಎಂದ.

ಮತ್ತೆ ಕಾರವಾರ

ಬಂದ ಮೂರನೆಯ ದಿನ ಗುರುವಾರ. ನಮ್ಮ ಯಂತ್ರದ ಕವರನ್ನು ಕುಂಕುಮದ ಸಮೇತ ಕತ್ತರಿಸಿ, ಯಂತ್ರವನ್ನು ಡ್ರೆಸ್ಸಿಂಗ್ ರೂಮಿನ ಮೇಜಿನ ಮೇಲಿಟ್ಟೆವು. ಒಂಬತ್ತು ಜನ ಸೇರಿದರು. ಸುಮಂಗಲಾ ಮೇಡಂ ಎದುರಿನ ಕುರ್ಚಿಯಲ್ಲಿ. ಮಾಸ್ಕಿಗೆ ಯಾರೂ ಮುಖ ಒಡ್ಡಲಿಲ್ಲ, ಹೊನ್ನಪ್ಪನೊಬ್ಬ ಹಳೇ ಗಿರಾಕಿಯಂತೆ ಮಲಗಿ ಎದ್ದ. ಸರಿ, ಮೊದಲು ನೋಟುಬುಕ್ಕು ಶುರುಮಾಡೋಣ ಎಂದು ನಿಯಮ ವಿವರಿಸಿದೆ.

ಹಿರಿಯ ಸಿಸ್ಟರ್ ತಕ್ಷಣ, "ತಪ್ಪು ಅಂದ್ರೆ ಆ ಲ್ಯಾಬಿನೋರು ನಿನ್ನೆ..." ಎಂದರು.

"ಬೇರೆಯವರದ್ದು ಹೇಳುವ ಹಾಗಿಲ್ಲ ಸಿಸ್ಟರ್."

"ಹಾಂಗಾದ್ರೆ ನಂಗೆ ಹೇಳೂಕೆ ಎಂತದೂ ಇಲ್ಲ ಮಾರಾಯ್ರೆ."

ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡತೊಡಗಿದರು. ನಾನು ಬಾಯಿ ತೆರೆಯದಿದ್ದರೆ ಈ ಯಂತ್ರ ಸೋಮವಾರಕ್ಕೆ ಗೋದ್ರೇಜಿಗೆ, ವರ್ಷ ತುಂಬುವುದರೊಳಗೆ ದಾನಿಗಳ ಹತ್ತಿರ ವಾಪಸು ಹೋಗುತ್ತದೆ ಎಂದು ಖಂಡಿತ ತಿಳಿದಿತ್ತು. ಹೇಳಿದೆ. ಐದು ತಾಸು ಕೈ ನಿಲ್ಲಿಸದವನ ಕೈ ನಿಂತಿತ್ತು ಎಂದೆ. ಸೀಟಿನ ಕೆಳಗೆ ಇದು ಇತ್ತು, ನನಗೆ ಗೊತ್ತಿತ್ತು, ಹೊನ್ನಪ್ಪ ನೆನಪು ಮಾಡಿದ್ದ, ನಾನು ಹೆದರಿ ಅವನ ಬಾಯಿ ಮುಚ್ಚಿಸಿದೆ ಎಂದೆ. ಕುಂದಾಪುರದ ಹೆಸರನ್ನೂ ಹೇಳಿದೆ. ನನ್ನ ಹೆಸರಿನ ಮುಂದೆ ನಾನೇ ಬರೆದೆ.

ಮೇಡಂ ನೋಟುಬುಕ್ಕನ್ನು ತಮ್ಮ ಕಡೆ ತಿರುಗಿಸಿ ನಾನು ಬರೆದದ್ದನ್ನು ಓದಿದರು. ಮೆಮೊ ಬರುತ್ತದೆ, ಭಾಷಣ ವಾಪಸು ತೆಗೆದುಕೊಳ್ಳುತ್ತಾರೆ, ಪತ್ರಿಕೆಯವರಿಗೆ ಫೋನು ಹೋಗುತ್ತದೆ, ಭಾವಿಕೇರಿಯಲ್ಲಿ ನಾನು ತಲೆ ಎತ್ತಿ ನಡೆಯುವ ಹಾಗಿಲ್ಲ. ಅಷ್ಟರಲ್ಲೇ ಇಷ್ಟೆಲ್ಲ ಯೋಚಿಸಿ ಮುಗಿಸಿದ್ದೆ.

"ನನ್ನದೂ ಬರ್ಕೊಳ್ಳಿ," ಎಂದರು ಮೇಡಂ.

ಪೆನ್ನು ಎತ್ತಿದೆ.

"ಆ ದಿನ ಗಾಡಿ ಹತ್ತಿಸುವಾಗ ಯಂತ್ರ ಹಚ್ಚಿ ಕಳಿಸಬೇಕಾದವಳು ನಾನು. ಹಚ್ಚೋದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ನಿಮ್ಮೆಲ್ಲರ ಎದುರು ಕೇಳೋದಕ್ಕೆ ನಾಚಿಕೆಯಾಯ್ತು. ಆಮೇಲೆ ನಿಮ್ಮನ್ನ ಅಷ್ಟು ಹೊಗಳಿದ್ದೂ ಅದಕ್ಕೇ ಇರ್ಬೇಕು."

ಅವರು ಎದ್ದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಬೆಂಚಿನ ಮೇಲೆ ಮಲಗಿದರು. ಹಿರಿಯ ಸಿಸ್ಟರ್ ಅಭ್ಯಾಸಬಲದಿಂದ ಪಟ್ಟಿ ಎತ್ತಿಕೊಂಡು ಮುಂದೆ ಬಂದರು. ಬೇಡ ಎಂದು ಕೈಸನ್ನೆ ಮಾಡಿ, ಮಾಸ್ಕನ್ನು ಮೇಡಂ ಕೈಗೆ ಹಿಡಿಸಿ ಯಂತ್ರ ಚಾಲೂ ಮಾಡಿದೆ.

ಮೊದಲ ಎರಡು ಉಸಿರು ಅವರೂ ಅದರ ಜೊತೆ ಜಗಳವಾಡಿದರು. ಮೂರನೆಯದಕ್ಕೆ ಮಾಸ್ಕ್ ತೆಗೆದು ನನ್ನನ್ನು ನೋಡಿದರು. ನಾನು ಕಾದೆ. ಅವರು ಅದನ್ನು ತಾವೇ ಮತ್ತೆ ಮುಖಕ್ಕೆ ಹಿಡಿದುಕೊಂಡರು.